ದೂರುವ ಮುನ್ನ

ದ್ರಾಕ್ಷಿ ತಂದಾಗಲೆಲ್ಲ ಉಪ್ಪು, ಅರಿಸಿನದ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡುವುದು ನಮ್ಮ ಮನೆಯ ಪದ್ಧತಿ. ನಿಮ್ಮ ಮನೆಯಲ್ಲೂ ಇರಬಹುದು. ಕಳೆದ ಮಾಘದಲ್ಲಿ ಅತ್ತಿಗುಪ್ಪೆಯ ಮೆಟ್ರೊ ನಿಲ್ದಾಣದ ಬಳಿಯ ತಳ್ಳುಗಾಡಿಯಿಂದ ತಂದದ್ದನ್ನು ಹೀಗೇ ನೆನೆಸಿಟ್ಟಿದ್ದೆ. ಊರಿನಿಂದ ಬಂದಿದ್ದ ನನ್ನ ವಾರಗಿತ್ತಿ ಪಾತ್ರೆ ನೋಡಿ ನಕ್ಕಳು. “ಅಕ್ಕಾ, ತಿನ್ನೋ ನೀವು ಇಷ್ಟು ತೊಳೀತೀರಿ. ಕಲಸೋ ನಾವು ಕೈ ಕೂಡ ಸರಿಯಾಗಿ ತೊಳೀತಿರಲಿಲ್ಲ” ಎಂದಳು.

ಆ ಮಾತು ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ ಒಯ್ದಿತು. ದೇವನಹಳ್ಳಿ ಕಡೆ ನನ್ನ ಮೈದುನನಿಗೆ ದ್ರಾಕ್ಷಿ ತೋಟವಿತ್ತು. ಮಳೆಗಾಲದಲ್ಲಿ ಬಳ್ಳಿಗೆ ಬೂಷ್ಟು ಹಿಡಿಯದಿರಲೆಂದು ಮತ್ತೆ ಮತ್ತೆ ಮದ್ದು ಹೊಡೆಯಬೇಕು. ಅವನು ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುತ್ತಿದ್ದ. ಇವಳು ಡ್ರಮ್ಮಿನಲ್ಲಿ ಆ ಹಳದಿ ಪುಡಿಯನ್ನು ಕದಡುತ್ತಿದ್ದಳು. ಕೋಲು ಸಿಗದಿದ್ದರೆ ಮೊಳಕೈವರೆಗೂ ಕೈ ಹಾಕಿ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಅದು. ನಮ್ಮ ಬಾಯಲ್ಲಿ ಮಾತ್ರ ಅದು ‘ಔಷಧಿ’. ಔಷಧಿ ಎಂದ ಮೇಲೆ ಅಂಜುವವರು ಯಾರು?

ಮೂರು ಸಲ ಅವಳಿಗೆ ಗರ್ಭ ನಿಲ್ಲಲಿಲ್ಲ. ಮೆಲ್ಲಮೆಲ್ಲಗೆ ಸೀಮಂತ, ನಾಮಕರಣಗಳಿಗೆ ಅವಳನ್ನು ಕರೆಯುವುದು ನಿಂತಿತು. ಅತ್ತೆಯವರ ಬಾಯಿಂದ ಆ ಒಂದು ಶಬ್ದವೂ ಬಂತು. ಬಿ.ಎ., ಬಿ.ಎಡ್. ಓದಿ ಮಕ್ಕಳಿಗೆ ಪಾಠ ಹೇಳುವ ನಾನಾದರೂ ಏನು ಮಾಡಿದೆ? “ನಲವತ್ತೆಂಟು ದಿನ ಅಶ್ವತ್ಥಕಟ್ಟೆ ಸುತ್ತು, ನಾಗರಕಲ್ಲಿಗೆ ಹಾಲೆರೆ” ಎಂದೆ. ಆ ಡ್ರಮ್ಮಿನಲ್ಲಿ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುವ ಗೆಳತಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಡೆದ ಪ್ರಯೋಗಗಳ ವಿಷಯ ತಿಳಿಸಿದಳು. ಬಸುರಾದ ಆರಂಭದ ದಿನಗಳಲ್ಲಿ ಬಿಳಿ ಚಿಟ್ಟಿಲಿಗಳಿಗೆ ಇದೇ ಮ್ಯಾಂಕೋಜೆಬ್ ಕುಡಿಸಿ ನೋಡಿದರಂತೆ. ಪ್ರಮಾಣ ಏರಿದಂತೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದೇ ತಪ್ಪಿಹೋಯಿತು. ಹಾರ್ಮೋನುಗಳ ಸಮತೋಲ ಕೆಡುವುದು ಇದಕ್ಕೆ ಕಾರಣವಿರಬಹುದೆಂದು ಅವರು ಬರೆದರು. ಇದು 2002ರಲ್ಲಿ ಪ್ರಕಟವಾಯಿತು. ಅದಕ್ಕೂ ಒಂದು ವರ್ಷ ಮೊದಲು ದೊಡ್ಡ ಬಿಳಿ ಇಲಿಗಳ ಮೇಲಿನ ಪ್ರಯೋಗ ಪ್ರಕಟವಾಗಿತ್ತು. ಅವುಗಳ ಋತುಚಕ್ರ ಏರುಪೇರಾಗಿತ್ತು, ಅಂಡಾಶಯ ಹಾಳಾಗಿತ್ತು. ಗಂಡಿಲಿಗಳಿಗೂ ಇದರಿಂದ ಕೇಡು ತಪ್ಪಿದ್ದಲ್ಲವೆಂದು ಬೇರೆ ಕಡೆಯ ಪ್ರಯೋಗಗಳು ತೋರಿಸಿವೆ. ಪಂಪು ಹೊತ್ತವನು ನನ್ನ ಮೈದುನನೇ. ಆದರೂ ಅವನನ್ನು ಡಾಕ್ಟರ ಬಳಿ ಕರೆದೊಯ್ಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇಲಿಗೆ ಆದದ್ದು ಮನುಷ್ಯರಿಗೂ ಆಗಿಯೇ ತೀರುತ್ತದೆ ಎಂದಲ್ಲ. ಇಲಿಗೆ ಕುಡಿಸಿದ ಪ್ರಮಾಣ ಬೇರೆ, ಕೈಗೆ ಮೆತ್ತಿಕೊಂಡ ಪ್ರಮಾಣ ಬೇರೆ. ನನ್ನ ವಾರಗಿತ್ತಿಯ ಗರ್ಭ ಆ ಪುಡಿಯಿಂದಲೇ ಹೋಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ನನ್ನನ್ನು ಕಾಡುವ ಪ್ರಶ್ನೆಯೇ ಬೇರೆ. ಆ ಪುಡಿಯನ್ನು ದೂರಲು ನಾವು ಇಷ್ಟೊಂದು ಹಿಂದೆಮುಂದೆ ನೋಡುತ್ತೇವೆ, ಸಾಕ್ಷಿ ಕೇಳುತ್ತೇವೆ. ಒಬ್ಬ ಹೆಣ್ಣನ್ನು ದೂರುವಾಗ ಯಾವ ಸಾಕ್ಷಿ ಕೇಳಿದ್ದೆವು?

ದೇಶಗಳ ವ್ಯವಹಾರದಲ್ಲೂ ಸಾಕ್ಷಿಯ ತೂಕ ಒಂದೊಂದು ಕಡೆ ಒಂದೊಂದು ತರಹ. ಸಂತಾನಶಕ್ತಿಗೂ ಹಾರ್ಮೋನುಗಳಿಗೂ ಅಪಾಯವೆಂಬುದನ್ನು ಮುಖ್ಯ ಕಾರಣವಾಗಿ ಕೊಟ್ಟು ಯುರೋಪಿನ ಒಕ್ಕೂಟ 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ನ ಅನುಮತಿಯನ್ನು ಮುಂದುವರಿಸಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರಕಾರ 27 ಪೀಡೆನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿದಾಗ ಅದರಲ್ಲಿ ಇದರ ಹೆಸರೂ ಇತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ನಿಷೇಧವಾದವುಗಳಲ್ಲಿ ಇದು ಇರಲಿಲ್ಲ. ರೈತನಿಗೆ ಬೆಳೆ ಉಳಿಯಬೇಕು, ಸಾಲ ತೀರಬೇಕು. ಅವನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅನುಮಾನದ ಲಾಭ ಪುಡಿಗೆ ಸಿಗುತ್ತದೆ, ಅದನ್ನು ಕದಡುವ ಕೈಗೆ ಸಿಗುವುದಿಲ್ಲ.

ಅಂದು ಸಂಜೆ ಇದನ್ನೆಲ್ಲ ವಾರಗಿತ್ತಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, “ಆ ಇಲಿಗಳನ್ನ ಯಾರಾದರೂ ಬಂಜೆ ಅಂದರಾ ಅಕ್ಕಾ?” ಎಂದಳು.

ಇಲ್ಲ. ಅವರು ಇಲಿಯನ್ನು ದೂರಲಿಲ್ಲ. ಕುಡಿಸಿದ್ದು ಏನು, ಎಷ್ಟು, ಎಷ್ಟು ದಿನ ಎಂದು ಬರೆದಿಟ್ಟರು. ಒಂದು ಇಲಿಗೆ ಸಿಕ್ಕ ಆ ನ್ಯಾಯವನ್ನು ನಾನು ನನ್ನ ಮನೆಯವಳಿಗೆ ಕೊಡಲಿಲ್ಲ. ತಿಳಿದಿರಲಿಲ್ಲ ಎನ್ನಬಹುದು. ಆದರೆ ತಿಳಿಯದಿದ್ದುದು ನನ್ನ ತಪ್ಪಲ್ಲದಿದ್ದರೂ ಕೇಳದೆ ಹೋದದ್ದು ನನ್ನದೇ ತಪ್ಪು. “ತಪ್ಪಾಯಿತು ಕಣೇ” ಎಂದೆ. ಅವಳು ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿ, “ಹೋಗಲಿ ಬಿಡಿ, ಇದನ್ನ ಇನ್ನೊಂದು ಸಲ ತೊಳೀರಿ” ಎಂದಳು.