ಉಪಗೂಹನವೂ ಎಳೆಯರ ಅಪರಾಧವೂ

ಬನ್ನೂರಿನಂತಹ ಊರಿನ ಬಸದಿಯೊಂದರ ಹುಂಡಿಯನ್ನು ಹದಿನೈದು ವರ್ಷದ ಬಾಲಕನೊಬ್ಬನು ಒಡೆದನೆಂದು ಭಾವಿಸೋಣ. ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟುವುದು ಸಹಜ. ಆತನ ಭಾವಚಿತ್ರವನ್ನು ಊರಿಗೆಲ್ಲ ಹಂಚಿ ಬುದ್ಧಿ ಕಲಿಸಬೇಕೆಂಬುದು ಒಂದು. ಹುಡುಗಾಟಿಕೆಯೆಂದು ಮುಚ್ಚಿಬಿಡಬೇಕೆಂಬುದು ಇನ್ನೊಂದು. ಶ್ರಾವಕಧರ್ಮಕ್ಕೆ ಇವುಗಳಲ್ಲಿ ಯಾವುದು ಸಮ್ಮತ?

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತಿಕರಣವಿದೆ. ಅಸಮರ್ಥರ ದೋಷವನ್ನು ಬೀದಿಗೆ ತರದಿರುವುದು ಮೊದಲನೆಯದು. ಜಾರಿದವನನ್ನು ಕೈಹಿಡಿದು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವುದು ಎರಡನೆಯದು. ಮೊದಲನೆಯದರಲ್ಲಿಯೇ ನಿಂತವನು ದಯಾಳುವೆನಿಸಬಹುದು. ಬಾಲಕನು ಮಾತ್ರ ಜಾರಿದಲ್ಲಿಯೇ ಉಳಿಯುತ್ತಾನೆ.

2015ರ ಬಾಲನ್ಯಾಯ ಕಾಯಿದೆಯನ್ನು ಓದಿದಾಗ ಈ ಎರಡು ಅಂಗಗಳೂ ನೆನಪಾಗುತ್ತವೆ. ಅದರಂತೆ ಜಿಲ್ಲೆಗೊಂದಾದರೂ ಬಾಲನ್ಯಾಯ ಮಂಡಳಿಯಿರಬೇಕು. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಅದರಲ್ಲಿರುತ್ತಾರೆ. ಕಾರ್ಯಕರ್ತರಲ್ಲಿ ಒಬ್ಬರಾದರೂ ಮಹಿಳೆ. ಹಿಡಿದ ಬಾಲಕನನ್ನು ಲಾಕಪ್ಪಿನಲ್ಲಿರಿಸದೆ 24 ಗಂಟೆಗಳೊಳಗೆ ಮಂಡಳಿಯ ಮುಂದೆ ತರಬೇಕು. ಪರಿವೀಕ್ಷಣಾಧಿಕಾರಿಯು ಆತನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸಿ 15 ದಿನಗಳೊಳಗೆ ವರದಿ ಕೊಡಬೇಕು. ಆ ಬಳಿಕ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಸನ್ನಡತೆಯ ಪರಿವೀಕ್ಷಣೆ. ವಿಶೇಷ ಗೃಹವಾಸವು ಕೊನೆಯ ಉಪಾಯ, ಅದೂ 3 ವರ್ಷಗಳಿಗೆ ಮೀರದಂತೆ. ಬಾಲಕನ ಹೆಸರನ್ನೋ ಚಿತ್ರವನ್ನೋ ಪ್ರಕಟಿಸಿದವರಿಗೆ 6 ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ.

ಇದು ಅಪರಾಧಿಗೆ ತೋರುವ ಸಡಿಲವಲ್ಲವೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ನೊಂದವನ ನೋವೂ ನಿಜವೇ. ಹದಿನಾರು ತುಂಬಿದವನು ಘೋರಾಪರಾಧ ಮಾಡಿದಲ್ಲಿ, ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕನಂತೆ ವಿಚಾರಣೆಗೊಳಪಡಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ನಮ್ಮ ಪರಂಪರೆಯ ಆಲೋಚನಾವಿಧಿಯನ್ನು ನೋಡಿರಿ. ತಪ್ಪನ್ನು ಬಚ್ಚಿಡಲೂ ಅಲ್ಲಿ ಎಡೆಯಿಲ್ಲ, ಬೀದಿಯಲ್ಲಿ ಸಾರಲೂ ಎಡೆಯಿಲ್ಲ. ಗುರುವಿನ ಮುಂದೆ ನಿವೇದಿಸಿ ಪ್ರಾಯಶ್ಚಿತ್ತವನ್ನು ಹೊರಬೇಕು. ಪ್ರಾಯಶ್ಚಿತ್ತವನ್ನು ನಾವು ತಪಸ್ಸಿನಲ್ಲಿ ಎಣಿಸುತ್ತೇವೆಯೇ ಹೊರತು ಹಗೆತೀರಿಸುವುದರಲ್ಲಿ ಅಲ್ಲ. ವಿದ್ಯುಚ್ಚೋರನನ್ನು ರಿಸಿಯಾಗಿ ಕಂಡ ವಡ್ಡಾರಾಧನೆಯ ನಾಡು ನಮ್ಮದು.

ಹಾಗಾದರೆ ಆಡಳಿತ ಮಂಡಳಿಯು ದೂರು ಕೊಡಬಹುದು, ಹೆಸರನ್ನು ಹರಡಬಾರದು. ಕರ್ತವ್ಯವು ಅಲ್ಲಿಗೇ ಮುಗಿಯಲಿಲ್ಲ. ಸಮುದಾಯ ಸೇವೆಯು ಮಂಡಳಿಯು ಗುರುತಿಸಿದ ಸಂಸ್ಥೆಯ ಅಥವಾ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಯಾರೂ ಮುಂದೆ ಬಾರದಿದ್ದರೆ ಆದೇಶವು ಕಾಗದದಲ್ಲಿಯೇ ಉಳಿದೀತು. ಹುಂಡಿ ಒಡೆದ ಕೈಗೇ ಬಸದಿಯ ಅಂಗಳದ ಪೊರಕೆಯನ್ನು ಕೊಡಲು ನಾವು ಸಿದ್ಧರಿದ್ದೇವೆಯೇ? ನಮ್ಮ ಸ್ಥಿತಿಕರಣದ ಪರೀಕ್ಷೆ ಅಲ್ಲಿದೆ.