‘ಏನರೆ ಮಾಡು’ ಎಂಬ ಮಾತು



ಜತ್ತ, ಅಕ್ಕಲಕೋಟೆ ಭಾಗದ ನಮ್ಮ ಮನೆಗಳಲ್ಲಿ ಹೊತ್ತು ಮುಳುಗುವ ವೇಳೆಗೆ ದಿನಾಲೂ ಏಳುವ ಪ್ರಶ್ನೆಯೊಂದಿದೆ: “ರಾತ್ರಿ ಊಟಕ್ಕ ಏನ್ ಮಾಡ್ಲಿರಿ?” ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ ನಾವು ಕೊಡುವ ಉತ್ತರ: “ಏನರೆ ಮಾಡು.”

ಇದು ಉದಾರವಾದ ಮಾತೆಂದೇ ನಾನು ಬಹುಕಾಲ ತಿಳಿದಿದ್ದೆ. ಇಂಥದ್ದೇ ಬೇಕೆಂದು ಹಟ ಹಿಡಿಯಲಿಲ್ಲ, ಮಾಡಿದ್ದನ್ನು ಉಂಡೆ, ಇನ್ನೇನು ಬೇಕು? ಒಂದು ಸಂಜೆ ನಮ್ಮ ಮನೆಯಾಕೆ ಹೇಳಿದಳು: “ರೊಟ್ಟಿ ಬಡಿಯೂದು ಭಾರಲ್ರಿ. ಏನ್ ಮಾಡ್ಲಿ ಅಂತ ದಿನಾ ನಾ ಒಬ್ಬಾಕೇನ ವಿಚಾರ ಮಾಡೂದು ಭಾರ.”

ವಿಚಾರ ಮಾಡುವುದೂ ದುಡಿಮೆಯೇ. ಹಿಟ್ಟು ಎಷ್ಟು ಉಳಿದಿದೆ, ನಿನ್ನೆ ಯಾವ ಪಲ್ಲೆಯಾಗಿತ್ತು, ಅತ್ತೆಗೆ ಖಾರ ಆಗದು, ಮಗನಿಗೆ ಬದನೆಕಾಯಿ ಸೇರದು – ಈ ಲೆಕ್ಕವೆಲ್ಲ ತಲೆಯೊಳಗೇ ನಡೆಯುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಸಭೆಯಲ್ಲಿ ಕಾಯಕದ ಮಾತಾಡುವ ನಾವು ಒಲೆಯ ಮುಂದಿನ ಕಾಯಕವನ್ನು ಕಾಣದೆ ಹೋದರೆ ಹೇಗೆ?

ಅಂದಿನಿಂದ ನಮ್ಮಲ್ಲಿ ವಾರದ ಸಂತೆಗೆ ಹೋಗುವ ಮುನ್ನ ಎಲ್ಲರೂ ಕೂತು ಏಳು ರಾತ್ರಿಗಳ ಅಡುಗೆ ಗೊತ್ತು ಮಾಡುತ್ತೇವೆ. ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಬೇಗ ಬಾಡುವುದು ಮೊದಲು: ಸಂತೆಯಾದ ಎರಡು ದಿನ ಮೆಂತ್ಯೆ, ಪುಂಡಿಪಲ್ಲೆ. ನಡುವೆ ಬದನೆಕಾಯಿ, ಹೀರೇಕಾಯಿ. ಆಮೇಲೆ ಮಡಕಿ, ಹೆಸರು. ಕಾಳು ಮೊಳಕೆ ಬರಬೇಕಾದರೆ ಒಂದು ರಾತ್ರಿ ನೆನೆಯಬೇಕು, ಮರುದಿನ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಬೇಕು. ಉಣ್ಣುವ ಹೊತ್ತಿಗೆ ನೆನಪಾದರೆ ಆಗದು. ಕಾಯಿಪಲ್ಲೆ ತೀರಿದ ಮೇಲೆ ಝುಣಕ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಕಾಳು ನೆನೆಯಿಡುವುದು ನನ್ನ ಪಾಲು, ಸೊಪ್ಪು ಸೋಸುವುದು ಮಗನ ಪಾಲು. ಮರಾಠಿ ಶಾಲೆಗೆ ಹೋಗುವ ಮಗಳು ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾಳೆ. ಅಕ್ಷರ ತಪ್ಪಿದರೆ ಅಜ್ಜಿ ತಿದ್ದುತ್ತಾಳೆ.

ಹಿರಿಯರೊಬ್ಬರು ಆಕ್ಷೇಪಿಸಿದರು: “ಮನಿ ಅಂದ್ರ ಖಾನಾವಳಿ ಏನು? ಹೊತ್ತಿಲ್ಲದ ಹೊತ್ತಿನ್ಯಾಗ ಯಾರರೆ ಬಂದ್ರ ನಿನ್ನ ಪಟ್ಟಿ ಏನ್ ಮಾಡ್ತದ?” ಕೇಳತಕ್ಕ ಪ್ರಶ್ನೆಯೇ. ಬಂದವರಿಗೆ ಬಾಗಿಲು ಮುಚ್ಚುವ ಪಟ್ಟಿ ಬೇಡ. ಆದರೆ ಮೊದಲೇ ಯೋಚಿಸಿಟ್ಟ ಮನೆಯಲ್ಲಿ ಬಂದವರಿಗೆಂದು ಎರಡು ರೊಟ್ಟಿ ಹೆಚ್ಚಿಗೆ ಇರುತ್ತವೆ. ಯೋಚಿಸದ ಮನೆಯಲ್ಲಿ ಅತಿಥಿಗೆ ಬಡಿಸಿದ ಮೇಲೆ ಒಬ್ಬರ ಪಾಲು ಕಡಿಮೆ ಬೀಳುತ್ತದೆ. ಆ ಒಬ್ಬರು ಯಾರೆಂಬುದು ನಮಗೆಲ್ಲ ಗೊತ್ತು; ಕೊನೆಗೆ ಉಣ್ಣುವವಳು ಅವಳೇ. ಸತ್ಕಾರದ ಪುಣ್ಯ ನಮಗೆ, ಅರೆಹೊಟ್ಟೆ ಅವಳಿಗೆ ಎಂದಾದರೆ ಅದು ದಾಸೋಹವಾದೀತೇ?

ಪಟ್ಟಿ ತಪ್ಪುವ ದಿನಗಳೂ ಉಂಟು. ತಪ್ಪಲಿ, ತಪ್ಪಿದ್ದು ಎಲ್ಲರದೂ ಆಗಿರುತ್ತದೆ, ಒಬ್ಬಳದಲ್ಲ. ಇಂದು ಸಂಜೆ ಆ ಪ್ರಶ್ನೆ ಬಂದಾಗ ಪತ್ರಿಕೆ ಮಡಚಿಟ್ಟು ಏಳೋಣ. “ಏನರೆ ಮಾಡು” ಎನ್ನುವ ಬದಲು “ಏನ್ ಮಾಡೂಣು?” ಎಂದು ಕೇಳೋಣ.