ಗೊಡ್ಡು ಗಿಡ ಕೀಳುವ ಹೊಣೆ ಯಾರದು?

ಗೊಡ್ಡು ರೋಗ ತಗುಲಿದ ತೊಗರಿ ಗಿಡ ಒಣಗುವುದಿಲ್ಲ. ನೆಟೆ ರೋಗ ಬಂದ ಗಿಡ ನಿಂತಲ್ಲೇ ಬಾಡುತ್ತದೆ, ಬದುವಿನ ಮೇಲೆ ನಿಂತವನಿಗೂ ಅದು ಕಾಣುತ್ತದೆ. ಗೊಡ್ಡು ಬಿದ್ದದ್ದು ಹಾಗಲ್ಲ. ಸುತ್ತಲಿನ ಗಿಡಗಳು ಹೂ ಬಿಟ್ಟು, ಕಾಯಿಗಟ್ಟಿ, ರಾಶಿಗೆ ಸಿದ್ಧವಾದಾಗಲೂ ಇದು ಮಾತ್ರ ತಿಳಿಹಸಿರು ಪೊದೆಯಾಗಿ ನಿಂತಿರುತ್ತದೆ. ಎಲೆ ಸಣ್ಣದು, ಹೂವಿಲ್ಲ, ಕಾಯಿಲ್ಲ. ಇಷ್ಟು ಹಸಿರಾಗಿರುವ ಗಿಡವನ್ನು ಕೀಳಲು ರೈತನ ಕೈ ಏಳುವುದಿಲ್ಲ. ಇನ್ನೆಂಟು ದಿನದಲ್ಲಿ ಹೂ ಬಿಟ್ಟೀತು ಎಂಬ ಆಸೆ, ಬಿಡದಿದ್ದರೆ ದನದ ಮೇವಿಗಾದರೂ ಆದೀತು ಎಂಬ ಸಮಾಧಾನ.

ಆದರೆ ಆ ಗಿಡ ತನ್ನ ರೋಗವನ್ನು ತನ್ನಲ್ಲೇ ಇಟ್ಟುಕೊಂಡಿರುವುದಿಲ್ಲ. ಗೊಡ್ಡಿಗೆ ಕಾರಣ ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬರಿಗಣ್ಣಿಗೆ ಕಾಣದ ನುಸಿ. ಈ ನುಸಿ ಗಾಳಿಯಲ್ಲಿ ತೇಲಿ ದೂರದ ಹೊಲಗಳನ್ನೂ ಸೇರುತ್ತದೆ. ಎಳೆಯ ಗಿಡಕ್ಕೆ ತಗುಲಿದರೆ ಅದರ ಇಳುವರಿ ಬಹುತೇಕ ಪೂರ್ತಿ ಹೋಯಿತು. ರೋಗ ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಕೃಷಿ ವಿಜ್ಞಾನಿಗಳು ಹೇಳುವುದು ಒಂದೇ: ಕಂಡ ಕೂಡಲೇ ಕಿತ್ತು ಹಾಕಿ, ಬದುವಿನ ಮೇಲಿನ ಹಳೇ ತೊಗರಿ, ಕೊಯ್ಲಿನ ನಂತರ ಚಿಗುರುವ ಕೂಳೆ ತೊಗರಿ ಯಾವುದನ್ನೂ ಉಳಿಸಬೇಡಿ.

ಇಲ್ಲಿ ಒಂದು ನೈತಿಕ ಪ್ರಶ್ನೆ ಹುಟ್ಟುತ್ತದೆ. ನನ್ನ ಹೊಲದ ಗಿಡವನ್ನು, ನನ್ನ ಹೊಲಕ್ಕಾಗಿ ಅಲ್ಲ, ನೆರೆಯವನ ಹೊಲಕ್ಕಾಗಿ ಕೀಳು ಎಂದು ನನಗೆ ಹೇಳುವ ಅಧಿಕಾರ ಯಾರಿಗಿದೆ? ಹೇಳುವವರು ಅದಕ್ಕೆ ಯಾವ ಅರ್ಹತೆ ಪಡೆದಿರಬೇಕು?

ನನ್ನ ಹೊಲ, ಎಲ್ಲರ ಗಾಳಿ

ಹೊಲ ನನ್ನದು, ಏನು ಬೇಕಾದರೂ ಮಾಡುತ್ತೇನೆ ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಎಂದೂ ಪೂರ್ತಿ ಮನ್ನಣೆ ಇರಲಿಲ್ಲ. ಕಾಲುವೆ ನೀರನ್ನು ಮೇಲಿನವನು ತಡೆದರೆ ಕೊನೆಯ ಹೊಲಕ್ಕೆ ನೀರು ತಲುಪದು ಎಂಬುದು ತುಂಗಭದ್ರಾ ಎಡದಂಡೆಯ ಮಾನ್ವಿಯವರಿಗೂ, ನಾರಾಯಣಪುರ ಬಲದಂಡೆಯ ದೇವದುರ್ಗದವರಿಗೂ ಯಾರೂ ಕಲಿಸಬೇಕಾಗಿಲ್ಲ. ಬದುವನ್ನು ಒತ್ತಿ ಉಳುವಂತಿಲ್ಲ, ದನವನ್ನು ಮತ್ತೊಬ್ಬರ ಪೈರಿಗೆ ಬಿಡುವಂತಿಲ್ಲ. ರೋಗವೂ ಹಾಗೆಯೇ ಬದು ದಾಟುವ ವಸ್ತು. ಆದ್ದರಿಂದ ರೋಗದ ವಿಷಯದಲ್ಲಿ ಸಮಾಜಕ್ಕೆ ನನ್ನ ಹೊಲದೊಳಗೆ ಇಣುಕುವ ಹಕ್ಕು ಇದೆ ಎಂದು ಒಪ್ಪಲೇಬೇಕು.

ಕಾನೂನು ಇದನ್ನು ಬಹಳ ಹಿಂದೆಯೇ ಒಪ್ಪಿದೆ. ಬ್ರಿಟಿಷರ ಕಾಲದ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಹೊರದೇಶದಿಂದ ಬರುವ ಸಸ್ಯ ಮತ್ತು ಬೀಜಗಳ ಮೇಲೆ ನಿರ್ಬಂಧ ಹೇರಿತು. ಬಾಳೆಯ ಗುಚ್ಛತಲೆ ವೈರಸ್ ಹರಡದಂತೆ ಕೇರಳ, ತಮಿಳುನಾಡು ಮುಂತಾದ ರಾಜ್ಯಗಳಿಂದ ಬಾಳೆಕಂದು ಹೊರಹೋಗುವುದನ್ನು ತಡೆಯುವ ಆದೇಶ ಇದೇ ಕಾಯ್ದೆಯಡಿ ಬಂತು. ನಮ್ಮ ರಾಜ್ಯಕ್ಕೆ 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆ ಇದೆ. ಇಂಥ ಕಾಯ್ದೆಗಳ ಹುರುಳು ಸರಳ. ಒಂದು ಕೀಟ, ರೋಗ ಅಥವಾ ಕಳೆಯನ್ನು ಸರ್ಕಾರ ಹಾನಿಕಾರಕ ಎಂದು ಸಾರಬಹುದು. ಸಾರಿದ ಮೇಲೆ ಅದನ್ನು ನಾಶ ಮಾಡುವುದು ಜಮೀನು ಹಿಡಿದವನ ಕರ್ತವ್ಯ. ಆತ ಮಾಡದಿದ್ದರೆ ಅಧಿಕಾರಿ ಹೊಲಕ್ಕೆ ಬಂದು ಮಾಡಿಸಿ, ಖರ್ಚನ್ನು ಅವನಿಂದಲೇ ವಸೂಲು ಮಾಡಬಹುದು.

ಓದಿದರೆ ನ್ಯಾಯವೆಂದೇ ಅನಿಸುತ್ತದೆ. ಆದರೆ ಕಾಯ್ದೆಯ ನ್ಯಾಯವನ್ನು ಅದರ ಅಕ್ಷರದಿಂದ ಮಾತ್ರ ಅಳೆಯಲಾಗದು. ಅದು ಯಾರ ಮೇಲೆ ಬೀಳುತ್ತದೆ, ಯಾರನ್ನು ಬಿಟ್ಟು ಹೋಗುತ್ತದೆ ಎಂಬುದನ್ನೂ ನೋಡಬೇಕು.

ಕಾಂಗ್ರೆಸ್ ಕಸ ಕಲಿಸಿದ ಪಾಠ

ನಮ್ಮ ಕಡೆ ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಈ ಗಿಡ ಕೆಲವೇ ವರ್ಷಗಳಲ್ಲಿ ದೇಶವನ್ನೇ ಆವರಿಸಿತು. 1968ರ ಆ ಕಾಯ್ದೆಯ ಅಡಿಯಲ್ಲಿ ಇದನ್ನು ಹಾನಿಕಾರಕ ಕಳೆ ಎಂದು ಸಾರಿದ ರಾಜ್ಯ ನಮ್ಮದು. ಮುಂದೆ ಮೆಕ್ಸಿಕೋದಿಂದ ಇದನ್ನು ತಿನ್ನುವ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟದ್ದೂ ಉಂಟು. ಆದರೂ ಕಸ ಹೋಗಲಿಲ್ಲ. ರಸ್ತೆ ಬದಿ, ಕಾಲುವೆ ದಂಡೆ, ರೈಲು ಹಳಿ, ಗೈರಾಣ, ಸರ್ಕಾರಿ ಕಚೇರಿಗಳ ಆವರಣ, ಅದು ಹುಲುಸಾಗಿ ಬೆಳೆಯುವ ಜಾಗಗಳು ಇವೇ.

ಬರೀ ಕೆಮ್ಮು, ಕೆರೆತದ ಗಿಡ ಎಂದು ಜನ ಇದನ್ನು ಸಹಿಸಿಕೊಂಡಿದ್ದರು. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿ ಗಿಡಗಳ ಎಲೆ ಸುಟ್ಟಂತಾಗಿ, ಕಾಂಡ ತಿರುಚಿ, ಹೂ ಬಿಡುವ ಮೊದಲೇ ಸಾಯತೊಡಗಿದವು. ಆ ದಿನಗಳಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು, ರಾಯಚೂರು ಅದರ ಮುಖ್ಯ ಜಿಲ್ಲೆಗಳಲ್ಲೊಂದು. 2000ದಲ್ಲಿ ಬಳ್ಳಾರಿಯ ಮಗ್ಗುಲಿನ ಅನಂತಪುರದಲ್ಲಿ ಶೇಂಗಾ ಬೆಳೆ ಇದೇ ರೀತಿ ಕುಸಿಯಿತು. ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ರೋಗ ತಗುಲಿತು, ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜು. ಕಾರಣ ಹುಡುಕಿದಾಗ ಸಿಕ್ಕಿದ್ದು ಟೊಬ್ಯಾಕೊ ಸ್ಟ್ರೀಕ್ ಎಂಬ ವೈರಸ್. ಅದರ ಮನೆ ಕಾಂಗ್ರೆಸ್ ಕಸ. ಆ ಗಿಡಕ್ಕೆ ವೈರಸ್‌ನಿಂದ ಏನೂ ಆಗುವುದಿಲ್ಲ, ರೋಗದ ಗುರುತೂ ಕಾಣುವುದಿಲ್ಲ. ಅದರ ಪರಾಗದಲ್ಲಿ ವೈರಸ್ ಇರುತ್ತದೆ. ಪರಾಗ ಗಾಳಿಗೆ ಹಾರಿ ಬೆಳೆಯ ಎಲೆಯ ಮೇಲೆ ಕೂರುತ್ತದೆ, ಥ್ರಿಪ್ಸ್ ಕೀಟ ಎಲೆಯನ್ನು ಕೆರೆದಾಗ ಆ ಗಾಯದಿಂದ ವೈರಸ್ ಒಳಹೋಗುತ್ತದೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ರೋಗದಲ್ಲಿ ಶೇಂಗಾದಿಂದ ಶೇಂಗಾಕ್ಕೆ ರೋಗ ಹರಡುವುದಿಲ್ಲ. ಆದ್ದರಿಂದ ರೈತ ತನ್ನ ರೋಗದ ಗಿಡ ಕಿತ್ತರೆ ನೆರೆಯವನಿಗೆ ಹೇಳಿಕೊಳ್ಳುವ ಲಾಭವಿಲ್ಲ. ಕೀಳಬೇಕಾದ್ದು ಕಾಂಗ್ರೆಸ್ ಕಸವನ್ನು, ಅದೂ ಹೂ ಬಿಡುವ ಮುನ್ನ. ಹೊಲದ ಸುತ್ತ ಕೆಲವು ಸಾಲು ಜೋಳ ಅಥವಾ ಸಜ್ಜೆ ಬಿತ್ತಿ ಪರಾಗಕ್ಕೂ ಥ್ರಿಪ್ಸ್‌ಗೂ ತಡೆಗೋಡೆ ಮಾಡಿಕೊಳ್ಳಿ ಎಂದು ವಿಜ್ಞಾನಿಗಳು ಸಲಹೆ ಕೊಟ್ಟರು. ಅಂದರೆ ರೈತ ತನ್ನ ಹೊಲದ ಒಂದಷ್ಟು ಜಾಗ ಬಿಟ್ಟು ಬೇಲಿ ಹಾಕಿಕೊಳ್ಳಬೇಕು. ಯಾರಿಂದ ರಕ್ಷಣೆ? ಬಹುಪಾಲು ಸಾರ್ವಜನಿಕ ಜಾಗದಿಂದ!

ಹೊಲ ಹಿಡಿದವನು ಕಳೆ ಕೀಳದಿದ್ದರೆ ಅವನಿಂದ ಖರ್ಚು ವಸೂಲು ಮಾಡಲು ಕಾಯ್ದೆ ಇದೆ. ಸರ್ಕಾರದ ಕಾಲುವೆ ದಂಡೆಯ ಕಳೆಯಿಂದ ಬೆಳೆ ಹೋದರೆ ಸರ್ಕಾರದಿಂದ ವಸೂಲು ಮಾಡುವ ದಾರಿ ರೈತನಿಗೆ ಎಲ್ಲಿದೆ? ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ ಎಂಬ ಉದಾಸೀನವೇ ಈ ವೈರಸ್‌ಗೆ ಸಿಕ್ಕ ಅತಿ ಫಲವತ್ತಾದ ಭೂಮಿ. ಆದ್ದರಿಂದ ನಮ್ಮ ಮೊದಲ ಉತ್ತರ ಇದು: ತನ್ನ ಅಂಗಳ ಗುಡಿಸಿದವನಿಗೆ ಮಾತ್ರ ನೆರೆಮನೆಯ ಅಂಗಳದ ಬಗ್ಗೆ ಮಾತಾಡುವ ಅರ್ಹತೆ ಇದೆ. ವ್ಯಕ್ತಿಗೆ ಸಲ್ಲುವ ಈ ನೀತಿ ಸರ್ಕಾರಕ್ಕೂ ಸಲ್ಲಬೇಕು.

ಗೋಲ್ಡ್ ಕೋಸ್ಟ್‌ನ ಕೋಕೋ ಮರಗಳು

ಹಾಗಾದರೆ ರೋಗದ ಮೂಲ ನಿಜವಾಗಿಯೂ ರೈತನ ಗಿಡದಲ್ಲೇ ಇದ್ದಾಗ ಏನು ಮಾಡಬೇಕು? ಗೊಡ್ಡು ತೊಗರಿಯ ಪ್ರಶ್ನೆ ಇಂಥದ್ದು. ಇದಕ್ಕಿಂತ ಬಹಳ ದೊಡ್ಡ ಪ್ರಮಾಣದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು ಇಂದಿನ ಘಾನಾದ, ಅಂದಿನ ಬ್ರಿಟಿಷ್ ಗೋಲ್ಡ್ ಕೋಸ್ಟ್‌ನ ರೈತರು.

1930ರ ದಶಕದಲ್ಲಿ ಅಲ್ಲಿನ ಕೋಕೋ ಮರಗಳ ರೆಂಬೆಗಳು ಊದಿಕೊಂಡು ಮರಗಳು ಸಾಯತೊಡಗಿದವು. ಕಾರಣ ವೈರಸ್, ಅದನ್ನು ಒಯ್ಯುವುದು ಹಿಟ್ಟು ತಿಗಣೆ. ರೋಗದ ಮರ ಕಡಿಯುವುದೊಂದೇ ದಾರಿ ಎಂದು ವಿಜ್ಞಾನಿಗಳು ಹೇಳಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಸಾಹತು ಸರ್ಕಾರ ಕಡ್ಡಾಯವಾಗಿ ಮರ ಕಡಿಸಲು ಹೊರಟಿತು. ವಿಜ್ಞಾನ ಸರಿಯಾಗಿಯೇ ಇತ್ತು. ಆದರೆ ರೋಗ ತಗುಲಿದ ಮರ ಇನ್ನೂ ಒಂದೆರಡು ವರ್ಷ ಕಾಯಿ ಕೊಡುತ್ತಿತ್ತು. ರೈತನ ಕಣ್ಣಿಗೆ ಅದು ಅನ್ನ ಕೊಡುವ ಮರ, ಅಧಿಕಾರಿಯ ಕಣ್ಣಿಗೆ ರೋಗದ ಗೂಡು. ರೈತನನ್ನು ಕೇಳಿದವರಿಲ್ಲ, ತೃಪ್ತಿಯಾಗುವಂತೆ ಪರಿಹಾರ ಕೊಟ್ಟವರಿಲ್ಲ. ಜನ ಸಿಟ್ಟಿಗೆದ್ದರು. 1948ರ ಫೆಬ್ರವರಿಯಲ್ಲಿ ಅಕ್ರಾದಲ್ಲಿ ಗಲಭೆ ಎದ್ದಿತು. ಅದಕ್ಕೆ ಹಲವು ಕಾರಣಗಳಿದ್ದವು. ತನಿಖೆಗೆ ಬಂದ ವಾಟ್ಸನ್ ಆಯೋಗ ಕೋಕೋ ಮರ ಕಡಿಸಿದ್ದರ ಅಸಮಾಧಾನವನ್ನೂ ಅವುಗಳ ಸಾಲಿಗೆ ಸೇರಿಸಿತು.

ಮುಂದಿನದು ಇನ್ನೂ ಅರ್ಥಪೂರ್ಣ. 1951ರಲ್ಲಿ ಕ್ವಾಮೆ ಎನ್‌ಕ್ರುಮಾ ಅವರ ಜನಪ್ರತಿನಿಧಿ ಸರ್ಕಾರ ಬಂತು. ರೈತರ ಸಿಟ್ಟಿನ ಬಲವೂ ಇದ್ದ ಆ ಸರ್ಕಾರ ಮರ ಕಡಿಯುವುದನ್ನು ಕೈಬಿಡಲಾಗಲಿಲ್ಲ, ಏಕೆಂದರೆ ಬೇರೆ ದಾರಿ ಇರಲಿಲ್ಲ. ಆದರೆ ಅದು ರೈತರಿಗೆ ತಿಳಿಹೇಳಲು, ಪರಿಹಾರವನ್ನು ಹೆಚ್ಚಿಸಲು ಮುಂದಾಯಿತು. ಮರ ಅದೇ, ಕೊಡಲಿ ಅದೇ. ಬದಲಾದದ್ದು ರೈತನನ್ನು ಅಪರಾಧಿಯಂತೆ ನೋಡುವ ದೃಷ್ಟಿ.

ಎಲ್ಲರಿಗಾಗಿ ಒಬ್ಬನ ಮರ ಬೀಳುವಾಗ ಅವನು ಅಪರಾಧಿಯಲ್ಲ. ಅವನು ದಾನಿ. ದಾನಿಯನ್ನು ದಂಡದ ಭಯ ತೋರಿಸಿ ನಡೆಸಿಕೊಳ್ಳುವ ಸಮಾಜಕ್ಕೆ ದಾನ ಹೆಚ್ಚು ದಿನ ಸಿಗುವುದಿಲ್ಲ. ಜನ ರೋಗವನ್ನು ಮುಚ್ಚಿಡಲು ಕಲಿಯುತ್ತಾರೆ.

ನಷ್ಟ ಯಾರ ಲೆಕ್ಕಕ್ಕೆ?

ಈಗ ಮತ್ತೆ ದೇವದುರ್ಗದ ಹೊಲಕ್ಕೆ ಬರೋಣ. ಎಳೆಯ ಗೊಡ್ಡು ಗಿಡ ಕಿತ್ತರೆ ನಷ್ಟವೇನು, ಅದು ಹೇಗೂ ಕಾಯಿ ಬಿಡುವುದಿಲ್ಲವಲ್ಲ ಎಂದು ಕೇಳಬಹುದು. ಅದು ನಿಜ, ಅಂಥ ಗಿಡವನ್ನು ಕೀಳಲು ರೈತ ಹಿಂದೆಮುಂದೆ ನೋಡಬಾರದು. ಆದರೆ ರೋಗ ತಡವಾಗಿ ತಗುಲಿದ ಗಿಡದಲ್ಲಿ ಕೆಲವು ರೆಂಬೆ ಗೊಡ್ಡಾಗಿ, ಉಳಿದವು ಕಾಯಿ ಹಿಡಿದಿರುತ್ತವೆ. ಅದನ್ನು ಕೀಳೆಂದರೆ ಸೇರುಗಟ್ಟಲೆ ತೊಗರಿಯನ್ನೇ ಬಿಡು ಎಂದಂತೆ. ಕೀಳಲು ಕೂಲಿಯೂ ಬೇಕು. ರೋಗ ಹರಡಲು ರೈತನ ಸೋಮಾರಿತನವೇ ಕಾರಣ ಎನ್ನುವುದೂ ಸರಿಯಲ್ಲ. ತೊಗರಿ ಸೀಮೆಯಲ್ಲಿ ಮನೆಮಾತಾದ ಮಾರುತಿ ತಳಿ ನೆಟೆ ರೋಗವನ್ನು ತಡೆಯಿತು, ಗೊಡ್ಡನ್ನು ತಡೆಯಲಿಲ್ಲ. ತನಗೆ ಸಿಕ್ಕ ಬೀಜವನ್ನು ನಂಬಿ ಬಿತ್ತಿದವನ ತಲೆಗೆ ಎಲ್ಲ ತಪ್ಪನ್ನೂ ಕಟ್ಟಲಾಗದು.

ಬೆಳೆ ವಿಮೆ ಇದೆಯಲ್ಲ ಎಂಬ ಮಾತು ಬರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟವನ್ನು ಮುಖ್ಯವಾಗಿ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿಯಿಂದ ಲೆಕ್ಕ ಹಾಕುತ್ತಾರೆ. ಈ ಲೆಕ್ಕದ ವಿಚಿತ್ರ ನೋಡಿ. ಒಬ್ಬ ರೈತ ಊರಿಗಾಗಿ ತನ್ನ ಸಾಲುಗಳನ್ನು ಕಿತ್ತು ಹಾಕಿ ರೋಗ ನಿಲ್ಲಿಸಿದ ಎನ್ನೋಣ. ಊರಿನ ಸರಾಸರಿ ಇಳುವರಿ ಕುಸಿಯುವುದಿಲ್ಲ. ಸರಾಸರಿ ಕುಸಿಯದಿದ್ದರೆ ವಿಮೆ ಬರುವುದಿಲ್ಲ. ಅವನ ತ್ಯಾಗ ಎಷ್ಟು ಸಫಲವೋ ಅವನ ಕೈ ಅಷ್ಟೇ ಬರಿದು. ಯಾರೂ ಕೀಳದೆ ರೋಗ ಇಡೀ ಪಂಚಾಯಿತಿಯನ್ನು ನುಂಗಿದರೆ ಪರಿಹಾರದ ಆಸೆಯಾದರೂ ಉಂಟು! ಒಳ್ಳೆಯವನಿಗೆ ದಂಡ ಬೀಳುವ ಇಂಥ ಲೆಕ್ಕವನ್ನು ಇಟ್ಟುಕೊಂಡು ನೀತಿ ಹೇಳುವುದು ಸುಲಭವಲ್ಲ.

ಇನ್ನೊಂದು ಮಾತು. ಪರಿಹಾರ ಕೊಟ್ಟರೂ ಅದು ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುವ ಸಂಭವವೇ ಹೆಚ್ಚು. ಲಾವಣಿಗೆ ಹಿಡಿದವನು, ಪಾಲಿಗೆ ಮಾಡುವವನು ಬೀಜ ಗೊಬ್ಬರಕ್ಕೆ ಸಾಲ ಮಾಡಿರುತ್ತಾನೆ, ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಬೆಳೆ ಹೋದರೆ ಮಾಲೀಕನಿಗೆ ಒಂದು ವರ್ಷದ ಲಾಭ ಹೋಯಿತು. ಇವನು ಮಕ್ಕಳ ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋಗುತ್ತಾನೆ. 2020ರ ಮಾರ್ಚ್‌ನಲ್ಲಿ ಮನುಷ್ಯರ ವೈರಸ್‌ಗೆ ಹೆದರಿ ದೇಶವೇ ಬಾಗಿಲು ಹಾಕಿದಾಗ ನಾವು ಇದನ್ನು ಕಣ್ಣಾರೆ ಕಂಡೆವು. ಇದ್ದಲ್ಲೇ ಇರಿ ಎಂಬ ಆದೇಶ ಎಲ್ಲರಿಗೂ ಒಂದೇ ಆಗಿತ್ತು. ತಿಂಗಳ ಸಂಬಳದವನಿಗೆ ಅದರ ಬೆಲೆ ಬೇರೆ, ದಿನಗೂಲಿಯವನಿಗೆ ಬೇರೆ. ನಿಯಮ ಎಲ್ಲರಿಗೂ ಸಮಾನ ಎಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಇಷ್ಟೆಲ್ಲ ಹೇಳಿದ ಮೇಲೆ, ಸರ್ಕಾರ ತನ್ನ ಪಾಲನ್ನು ಮಾಡುವವರೆಗೂ ರೈತ ಕೈಕಟ್ಟಿ ಕೂರಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಕೂರಬಾರದು. ಸರ್ಕಾರ ತಪ್ಪು ಮಾಡಿದೆ ಎಂಬುದು ನೆರೆಯವನ ಹೊಲಕ್ಕೆ ರೋಗ ಕಳಿಸಲು ನನಗೆ ಸಿಕ್ಕ ಪರವಾನಗಿಯಲ್ಲ. ಬದುವಿನ ಆಚೆ ಇರುವವನು ಸರ್ಕಾರವಲ್ಲ, ನನ್ನಂತೆಯೇ ಸಾಲ ಮಾಡಿ ಬಿತ್ತಿದವನು. ಕೂಳೆ ತೊಗರಿ ಕೀಳಲು, ಹೂ ಬಿಡುವ ಮುನ್ನ ಕಾಂಗ್ರೆಸ್ ಕಸ ತೆಗೆಯಲು ಅಧಿಕಾರಿಯ ನೋಟಿಸ್ ಬರಬೇಕಾಗಿಲ್ಲ. ಒಂದೇ ಊರಿನವರು ಒಂದೇ ವಾರದಲ್ಲಿ ಕೂಡಿ ಮಾಡಿದರೆ ಮಾತ್ರ ಇದು ಫಲ ಕೊಡುವ ಕೆಲಸ, ಏಕೆಂದರೆ ಉಳಿದ ಒಂದು ಹೊಲ ಸಾಕು ಮತ್ತೆ ಎಲ್ಲವನ್ನೂ ಕೆಡಿಸಲು.

ಆದರೆ ಕಾನೂನಿನ ಕೋಲು ಹಿಡಿಯುವವರಿಗೆ ಎರಡು ಷರತ್ತು. ಮೊದಲನೆಯದು, ಸರ್ಕಾರ ತನ್ನ ರಸ್ತೆ, ಕಾಲುವೆ, ಕಚೇರಿಗಳ ಕಸವನ್ನು ರೈತನಿಗಿಂತ ಮುಂಚೆ ತೆಗೆಯಲಿ. ಮಳೆಗಾಲದ ಮೊದಲ ವಾರಗಳಲ್ಲಿ ಉದ್ಯೋಗ ಖಾತರಿಯಂಥ ಕೆಲಸದಲ್ಲಿ ಇದನ್ನು ಸೇರಿಸಿದರೆ ಗುಳೆ ಹೋಗುವ ನಾಲ್ಕು ಜನಕ್ಕೆ ಊರಲ್ಲೇ ಕೂಲಿಯೂ ಸಿಕ್ಕೀತು. ಎರಡನೆಯದು, ಎಲ್ಲರಿಗಾಗಿ ಕಿತ್ತ ಗಿಡದ ಬೆಲೆಯನ್ನು ಎಲ್ಲರೂ ಕೂಡಿ ಕೊಡಲಿ, ಅದು ಉಳುವವನ ಕೈಗೇ, ಮುಂದಿನ ಬಿತ್ತನೆಗೆ ಮುಂಚೆ ಸೇರಲಿ. ಸುಳ್ಳು ಲೆಕ್ಕ ಕೊಟ್ಟಾರು ಎಂಬ ಭಯ ಇರಬಹುದು. ಯಾರ ಹೊಲದಲ್ಲಿ ಏನು ನಿಂತಿತ್ತು ಎಂಬುದು ಊರಿಗೆ ಗೊತ್ತಿರುತ್ತದೆ, ಊರನ್ನೇ ಸಾಕ್ಷಿ ಮಾಡಿಕೊಂಡರೆ ಮೋಸಕ್ಕೆ ಎಡೆ ಕಡಿಮೆ.

ಹಸಿರಾಗಿದ್ದೂ ಫಲ ಕೊಡದ ಗಿಡಕ್ಕೆ ನಮ್ಮ ಹಿರಿಯರು ಗೊಡ್ಡು ಎಂದರು. ಪುಸ್ತಕದಲ್ಲಿ ಹಸಿರಾಗಿದ್ದು, ಕಾಲುವೆ ದಂಡೆಯಲ್ಲೂ ಪಾಲುಗಾರನ ಮನೆಯಲ್ಲೂ ಫಲ ಕೊಡದ ಕಾಯ್ದೆಗೆ ನಾವು ಬೇರೆ ಯಾವ ಹೆಸರು ಕೊಡಬೇಕು?